ಹಳಿಗೂ ಒಂದು ಮೆಗಾಬ್ಲಾಕ್ ಇದೆ

ಶನಿವಾರ ಸಂಜೆ ಆಯಿತೆಂದರೆ ಮುಂಬಯಿ ಹೊರವಲಯದ ನಮ್ಮ ಡೊಂಬಿವಲಿ ಮನೆಗಳಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ: ‘ನಾಳೆ ಮೆಗಾಬ್ಲಾಕ್ ಎಲ್ಲಿ?’ ಹಳಿ ರಿಪೇರಿಗೆ ಅಂತ ಭಾನುವಾರ ಕೆಲವು ಗಂಟೆ ಲೋಕಲ್ ರೈಲಿನ ಒಂದು ಹಳಿಯನ್ನೇ ಬಂದ್ ಮಾಡುವುದಕ್ಕೆ ಇಲ್ಲಿ ಮೆಗಾಬ್ಲಾಕ್ ಅನ್ನುತ್ತಾರೆ. ಸೆಂಟ್ರಲ್ ಲೈನಿನವರಿಗೆ ಉತ್ತರ ಹೆಚ್ಚುಕಡಿಮೆ ಬಾಯಿಪಾಠ. ಬಹಳ ಸಲ ಅದು ಮಾಟುಂಗಾದಿಂದ ಮುಲುಂಡ್‌ವರೆಗೆ. ಬೆಳಗ್ಗೆ 11ರ ಆಸುಪಾಸಿಗೆ ಶುರು, ಮಧ್ಯಾಹ್ನ 4ರೊಳಗೆ ಮುಕ್ತಾಯ. ಸ್ಲೋ ಗಾಡಿಗಳನ್ನು ಫಾಸ್ಟ್ ಲೈನಿಗೆ ತಿರುಗಿಸುತ್ತಾರೆ. ಕೆಲವು ಸ್ಟೇಷನ್ನುಗಳಲ್ಲಿ ಗಾಡಿ ನಿಲ್ಲುವುದೇ ಇಲ್ಲ. ಜನ ಬೈಯುತ್ತಾರೆ. ಮದುವೆ ಮನೆಗೆ ಹೊರಟವರು ಇನ್ನೂ ಜಾಸ್ತಿ ಬೈಯುತ್ತಾರೆ. ಆದರೆ ಮೆಗಾಬ್ಲಾಕೇ ಬೇಡ ಅಂತ ಯಾರೂ ಹೇಳುವುದಿಲ್ಲ. ದಿನಾ ಲಕ್ಷಗಟ್ಟಲೆ ಜನರನ್ನು ಹೊರುವ ಹಳಿಯನ್ನು ವಾರಕ್ಕೊಮ್ಮೆ ಬಿಟ್ಟು ನೋಡದಿದ್ದರೆ, ಅದು ಜುಲೈ ತಿಂಗಳ ಯಾವುದೋ ಬುಧವಾರ ಆಫೀಸಿನ ಹೊತ್ತಿಗೇ ಕೈಕೊಡುತ್ತದೆ ಅನ್ನುವುದು ಮುಂಬಯಿಯ ಮಕ್ಕಳಿಗೂ ಗೊತ್ತು.

ನನಗೆ ಈ ಹಳಿಯ ಮೇಲೆ ಸ್ವಲ್ಪ ಹೊಟ್ಟೆಕಿಚ್ಚಿದೆ. ಅದು ರಜೆ ಹಾಕುವ ರೀತಿ ನೋಡಿ. ಮೊದಲೇ ಊರಿಗೆಲ್ಲ ಗೊತ್ತಿರುತ್ತದೆ. ಅದರ ಮೇಲಿದ್ದ ಭಾರ ಪಕ್ಕದ ಹಳಿಗೆ ಹೋಗಿರುತ್ತದೆ. ಶುರುವಿಗೂ ಕೊನೆಗೂ ನಿಮಿಷದ ಲೆಕ್ಕ ಇರುತ್ತದೆ. ಆ ಹೊತ್ತಿನಲ್ಲಿ ‘ಅರ್ಜೆಂಟ್ ಇದೆ, ಒಂದೇ ಒಂದು ಗಾಡಿ ಬಿಡ್ತೀವಿ’ ಅಂತ ಯಾರೂ ಅದರ ಮೇಲೆ ಲೋಕಲ್ ಓಡಿಸುವುದಿಲ್ಲ. ಈಗ ಇದರ ಪಕ್ಕದಲ್ಲಿ ನಮ್ಮ ರಜೆಯನ್ನಿಟ್ಟು ನೋಡಿ.

ಎರಡು ವರ್ಷದ ಹಿಂದೆ ನಾನು ನಾಲ್ಕು ದಿನ ರಜೆ ಹಾಕಿದೆ. ಕಾಯಿಲೆ ಇರಲಿಲ್ಲ, ಮದುವೆ ಮುಂಜಿ ಇರಲಿಲ್ಲ. ಸುಮ್ನೆ. ಬೆಳಗಿನ ಅಲಾರಂ ಕೇಳಿದರೆ ಅಳು ಬರುತ್ತಿತ್ತು. ಹಾಲಿನವನು ಬೆಲ್ ಒತ್ತಿದರೂ ಸಿಟ್ಟು. ಮಗ ‘ಅಮ್ಮಾ’ ಅಂದರೆ ಮೂರನೇ ಸಲಕ್ಕೆ ಕೇಳಿಸುತ್ತಿತ್ತು. ದೊಡ್ಡ ಕಷ್ಟ ಯಾವುದೂ ಇಲ್ಲ, ಸಣ್ಣ ಸಣ್ಣವೇ ಒಂದರ ಮೇಲೊಂದು ಬಿದ್ದು ಉಸಿರು ಕಟ್ಟುತ್ತದಲ್ಲ, ಆ ಥರ. ಮೊದಲ ದಿನ ಮಧ್ಯಾಹ್ನವೇ ಆಫೀಸಿನ ಗ್ರೂಪಿನಲ್ಲಿ ಮೆಸೇಜ್ ಬಂತು. ‘ರಜೆಯಲ್ಲಿದ್ದೀರಿ ಅಂತ ಗೊತ್ತು, ಆದರೂ ಆ ಫೈಲ್ ಎಲ್ಲಿದೆ?’ ಎರಡು ನಿಮಿಷದ ಕೆಲಸ. ಉತ್ತರ ಕೊಟ್ಟೆ. ಆದರೆ ಅದಾದ ಮೇಲೆ ಇಡೀ ಸಂಜೆ ತಲೆ ಆ ಫೈಲಿನ ಸುತ್ತಲೇ ತಿರುಗುತ್ತಿತ್ತು. ನಾಲ್ಕನೇ ದಿನ ರಾತ್ರಿ ನಾನು ಮೊದಲಿನಷ್ಟೇ ಸುಸ್ತಾಗಿದ್ದೆ. ಮೇಲಿಂದ, ನಾಲ್ಕು ರಜೆ ಹಾಳುಮಾಡಿಕೊಂಡೆನಲ್ಲ ಅನ್ನುವ ಬೇಜಾರು ಬೇರೆ.

ಆಗ ನಾನು ತಪ್ಪು ನನ್ನದೇ ಅಂದುಕೊಂಡಿದ್ದೆ. ಫೋನು ಆಫ್ ಮಾಡಬೇಕಿತ್ತು, ಯೋಗ ಮಾಡಬೇಕಿತ್ತು, ಲೋನಾವಳಾಕ್ಕಾದರೂ ಹೋಗಬೇಕಿತ್ತು ಅಂತ. ಈಗ ಹಾಗೆ ಅನಿಸುವುದಿಲ್ಲ. ಸುತ್ತಲಿನವರು ಯಾರೂ ನಿಲ್ಲದೆ ನಾವೊಬ್ಬರೇ ನಿಂತರೆ ಅದು ಬಿಡುವು ಆಗುವುದು ಬಹಳ ಕಷ್ಟ. ಗಾಡಿಗಳು ಅದೇ ಹಳಿಯ ಮೇಲೆ ಬರುತ್ತಲೇ ಇರುತ್ತವೆ.

ಇದು ನನ್ನೊಬ್ಬಳ ಗೊಣಗಾಟವಲ್ಲ. ಕೆಲಸದ ದಣಿವನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದವರ ಮಾತೂ ಸುಮಾರಾಗಿ ಈ ದಿಕ್ಕಿನಲ್ಲೇ ಇದೆ. ಜರ್ಮನಿಯ ಮನಶ್ಶಾಸ್ತ್ರಜ್ಞೆ ಸಬೀನೆ ಸೊನೆಂಟಾಗ್ ಮತ್ತು ಅವರ ಸಹ ಸಂಶೋಧಕಿ ಶಾರ್ಲಟ್ ಫ್ರಿಟ್ಸ್ 2007ರಲ್ಲಿ, ಕೆಲಸ ಮುಗಿದ ಮೇಲೆ ಜನ ಸುಧಾರಿಸಿಕೊಳ್ಳುವುದು ಹೇಗೆ ಅಂತ ಅಳೆಯಲು ನಾಲ್ಕು ಅನುಭವಗಳನ್ನು ಗುರುತಿಸಿದರು. ಮನಸ್ಸು ಕೆಲಸದಿಂದ ಕಳಚಿಕೊಳ್ಳುವುದು ಒಂದು. ಮೈಮನಸ್ಸು ಸಡಿಲವಾಗುವುದು ಇನ್ನೊಂದು. ಹೊಟ್ಟೆಪಾಡಿಗೆ ಸಂಬಂಧವಿಲ್ಲದ ಏನನ್ನಾದರೂ ಕಲಿತು ಕೈಗೂಡಿಸಿಕೊಳ್ಳುವುದು ಮೂರನೆಯದು. ಆ ಹೊತ್ತಿನಲ್ಲಿ ಏನು ಮಾಡಬೇಕೆಂದು ತಾನೇ ತೀರ್ಮಾನಿಸುವುದು ನಾಲ್ಕನೆಯದು. ಕೇಳಲಿಕ್ಕೆ ಸುಲಭ. ಆದರೆ ಮೊದಲನೆಯದೂ ಕೊನೆಯದೂ ನಮ್ಮ ಕೈಯಲ್ಲಿ ಎಷ್ಟಿವೆ ಹೇಳಿ? ಮನಸ್ಸು ಕಳಚಿಕೊಳ್ಳಬೇಕಾದರೆ ಕೆಲಸದ ಕಡೆಯವರೂ ನಮ್ಮನ್ನು ಬಿಡಬೇಕು. ಹೊತ್ತು ನಮ್ಮದಾಗಬೇಕಾದರೆ ಮನೆಯವರೂ ಬಿಡಬೇಕು.

ಸೊನೆಂಟಾಗ್ 2018ರಲ್ಲಿ ಇನ್ನೊಂದು ವಿಚಿತ್ರವನ್ನು ಎತ್ತಿ ತೋರಿಸಿದರು. ಒತ್ತಡ ಹೆಚ್ಚಾದಷ್ಟೂ ವಿಶ್ರಾಂತಿ ಹೆಚ್ಚು ಬೇಕು. ಆದರೆ ಒತ್ತಡ ಹೆಚ್ಚಾದಷ್ಟೂ ವಿಶ್ರಾಂತಿ ತೆಗೆದುಕೊಳ್ಳುವ ಶಕ್ತಿಯೇ ಕಡಿಮೆಯಾಗುತ್ತದೆ. ವಾಕಿಂಗ್ ಹೋಗಲು ಚಪ್ಪಲಿ ಹಾಕಿಕೊಳ್ಳಬೇಕು, ಗೆಳತಿಗೆ ಫೋನ್ ಮಾಡಲು ಮಾತು ಹೊಳೆಯಬೇಕು. ಅಷ್ಟೂ ತ್ರಾಣ ಇಲ್ಲದವರು ಸೋಫಾದಲ್ಲಿ ಬಿದ್ದುಕೊಂಡು ರೀಲ್ಸ್ ನೋಡುತ್ತಾರೆ. ರಾತ್ರಿ ಒಂದು ಗಂಟೆಗೆ ಕಣ್ಣುರಿ ಬಂದು ಮಲಗುತ್ತಾರೆ. ಇದನ್ನು ಸೋಮಾರಿತನ ಅನ್ನುವವರು ಯಾವತ್ತೂ ಸಂಜೆ 6.40ರ ಕಲ್ಯಾಣ್ ಫಾಸ್ಟ್‌ನಲ್ಲಿ ದಾದರ್‌ನಿಂದ ನಿಂತುಕೊಂಡು ಬಂದವರಲ್ಲ.

ಆ ಎರಡು ನಿಮಿಷದ ಫೈಲ್ ಯಾಕೆ ಇಡೀ ಸಂಜೆಯನ್ನು ತಿಂದಿತು ಅನ್ನುವುದಕ್ಕೂ ಉತ್ತರ ಇದೆ. ಅಮೆರಿಕದ ಸೋಫಿ ಲೆರಾಯ್ 2009ರಲ್ಲಿ ತೋರಿಸಿದ ಹಾಗೆ, ಒಂದು ಕೆಲಸವನ್ನು ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದರೆ ಗಮನದ ಒಂದು ತುಣುಕು ಹಿಂದಿನದಕ್ಕೇ ಅಂಟಿಕೊಂಡಿರುತ್ತದೆ. ತಳ ಹಿಡಿದ ಪಾತ್ರೆ ಇದ್ದಂತೆ. ಪಾಯಸ ಸುರಿದುಕೊಂಡರೂ ತಳದಲ್ಲಿ ಒಂದು ಪದರ ಉಳಿದೇ ಉಳಿಯುತ್ತದೆ.

ಕನ್ನಡದಲ್ಲಿ ಇದಕ್ಕೆ ಎಂಥ ಒಳ್ಳೇ ಮಾತಿದೆ ನೋಡಿ: ದಣಿವಾರಿಸಿಕೊಳ್ಳುವುದು. ಕಾಫಿಯ ಬಿಸಿ ಆರುತ್ತದೆ, ಒಗೆದ ಬಟ್ಟೆ ಆರುತ್ತದೆ, ಮೈಯ ದಣಿವೂ ಆರುತ್ತದೆ. ಮೂರಕ್ಕೂ ಒಂದೇ ಕ್ರಿಯಾಪದ. ಆರುವುದಕ್ಕೆ ಗಾಳಿ ಬೇಕು, ಜಾಗ ಬೇಕು, ಅದರ ಪಾಡಿಗೆ ಬಿಡಬೇಕು. ಅವಸರ ಮಾಡಿದರೆ ಆಗುವುದಿಲ್ಲ. ಮುಂಬಯಿಯ ಮಳೆಗಾಲದಲ್ಲಿ ಒಂದು ಕೋಣೆ ಒಂದು ಅಡುಗೆಮನೆಯ ಮನೆಯೊಳಗೆ ಹಗ್ಗ ಕಟ್ಟಿ ಬಟ್ಟೆ ಒಣಗಿಸಿದವರಿಗೆ ಗೊತ್ತು. ಫ್ಯಾನು ತಿರುಗುತ್ತಲೇ ಇರುತ್ತದೆ, ಮೂರು ದಿನವಾದರೂ ಬಟ್ಟೆ ತಣ್ಣಗೆ, ಮುಗ್ಗಲು ವಾಸನೆ. ನಮ್ಮ ದಣಿವೂ ಹಾಗೇ ಅರೆಬರೆ ಆರಿರುತ್ತದೆ. ಸೋಮವಾರ ಅದನ್ನೇ ಹಾಕಿಕೊಂಡು ಹೊರಡುತ್ತೇವೆ.

ಹಾಗಾದರೆ ಊರಿಗೆ ಹೋಗಬಹುದಲ್ಲ? ಕರಾವಳಿ ಕಡೆಯ ಮುಂಬಯಿ ಕನ್ನಡಿಗರ ನಿಜವಾದ ರಜೆ ಅಂದರೆ ಅದೇ. 1998ರಲ್ಲಿ ಕೊಂಕಣ ರೈಲು ಪೂರ್ತಿ ಶುರುವಾದ ಮೇಲೆ ಊರು ಒಂದು ರಾತ್ರಿಯ ದೂರಕ್ಕೆ ಬಂತು. ಮತ್ಸ್ಯಗಂಧ ಹತ್ತಿ ಮಲಗಿದರೆ ಬೆಳಗಾಗುವಾಗ ಕುಂದಾಪುರ ಕಡೆಯ ಗದ್ದೆ ಕಾಣುತ್ತದೆ. ಆದರೆ ಮೇ ತಿಂಗಳ ಹತ್ತು ದಿನದ ಊರಿನ ರಜೆಯಲ್ಲಿ ಏನೇನಿರುತ್ತದೆ? ಎರಡು ಮದುವೆ, ಒಂದು ಗೃಹಪ್ರವೇಶ, ಮನೆತನದ ದೈವಕ್ಕೆ ನೇಮ, ನಾಗನಿಗೆ ತಂಬಿಲದ ಪೂಜೆ, ಬ್ಯಾಂಕಿನ ಕೆಲಸ, ಜಾಗದ ಸರ್ವೆ. ಜೊತೆಗೆ ಹೋದಲ್ಲೆಲ್ಲ ‘ಯಾವಾಗ ಬಂದದ್ದು? ಇನ್ನು ಯಾವಾಗ ಹೋಗುವುದು?’ ಬಂದ ಗಳಿಗೆಯಲ್ಲೇ ಹೋಗುವ ತಾರೀಕು ನೆನಪಿಸುವ ಈ ಪ್ರಶ್ನೆಯನ್ನು ಪ್ರೀತಿಯಿಂದಲೇ ಕೇಳುತ್ತಾರೆ, ಅದು ಗೊತ್ತು. ಆದರೂ. ವಾಪಸ್ ಬರುವಾಗ ಗೋಣಿಯಲ್ಲಿ ಕುಚ್ಚಲಕ್ಕಿ, ಹಪ್ಪಳ, ತೆಂಗಿನಕಾಯಿ. ಥಾಣೆ ರೈಲು ಸ್ಟೇಷನ್ನಿನಲ್ಲಿ ಇಳಿಯುವಾಗ ಸೊಂಟ ಹಿಡಿದಿರುತ್ತದೆ. ಊರಿಗೆ ಹೋಗುವುದು ಸಂತೋಷ, ಕರ್ತವ್ಯ, ಬೇರು, ಎಲ್ಲಾ ಸರಿ. ಅದನ್ನು ವಿಶ್ರಾಂತಿ ಅಂತ ಲೆಕ್ಕ ಹಾಕಬಾರದು ಅಷ್ಟೇ.

ದೊಡ್ಡ ರಜೆಯ ಇನ್ನೊಂದು ತೊಂದರೆ ಅದರ ಫಲ ಬೇಗ ಕರಗುವುದು. ನೆದರ್ಲೆಂಡ್ಸ್‌ನಲ್ಲಿ ಜೆಸ್ಸಿಕಾ ಡಿ ಬ್ಲೂಮ್ ಮತ್ತು ಜೊತೆಗಾರರು ರಜೆಗೆ ಹೋದವರನ್ನು ಮೊದಲು, ನಡುವೆ, ಆಮೇಲೆ ಅಂತ ಹಿಂಬಾಲಿಸಿ ಕೇಳಿದರು. ರಜೆಯಲ್ಲಿ ಆರೋಗ್ಯ, ಉಲ್ಲಾಸ ಎರಡೂ ಏರುತ್ತವೆ, ನಿಜ. ಉದ್ದ ರಜೆಯಲ್ಲಿ ಎಂಟನೇ ದಿನದ ಹೊತ್ತಿಗೆ ತುದಿ ಮುಟ್ಟುತ್ತವೆ. ಕೆಲಸಕ್ಕೆ ಮರಳಿದ ಮೊದಲ ವಾರದಲ್ಲೇ ಹಳೇ ಮಟ್ಟಕ್ಕೆ ಇಳಿಯುತ್ತವೆ. ಅಂದರೆ ವರ್ಷಕ್ಕೊಮ್ಮೆ ಹತ್ತು ದಿನ ಆರಿಸಿ ಉಳಿದ 355 ದಿನ ನೆನೆಸಿದರೆ ಪ್ರಯೋಜನವಿಲ್ಲ. ಬಿಡುವು ದಿನದೊಳಗೂ ಇರಬೇಕು, ವಾರದೊಳಗೂ ಇರಬೇಕು. 2022ರಲ್ಲಿ ರೊಮೇನಿಯಾದ ಸಂಶೋಧಕರು ಹಿಂದಿನ ಅಧ್ಯಯನಗಳನ್ನೆಲ್ಲ ಒಟ್ಟುಮಾಡಿ ನೋಡಿದಾಗ, ಹತ್ತು ನಿಮಿಷದೊಳಗಿನ ಸಣ್ಣ ಬಿಡುವಿನಿಂದಲೂ ಚೈತನ್ಯ ಹೆಚ್ಚುತ್ತದೆ, ಆಯಾಸ ಇಳಿಯುತ್ತದೆ ಅಂತ ಕಂಡುಬಂತು. ಆದರೆ ತಲೆ ಉಪಯೋಗಿಸುವ ಕಷ್ಟದ ಕೆಲಸಕ್ಕೆ ಅಷ್ಟು ಸಣ್ಣ ಬಿಡುವು ಸಾಲುವುದಿಲ್ಲ ಅಂತಲೂ ಅವರೇ ಹೇಳಿದ್ದಾರೆ. ಅರ್ಧ ಲೋಟದ ಕಟಿಂಗ್ ಚಹಾ ಒಳ್ಳೆಯದು. ಅದೊಂದರಿಂದಲೇ ಎಲ್ಲ ಸರಿಹೋಗುವುದಿಲ್ಲ.

ಈ ದಿನದೊಳಗಿನ ಬಿಡುವು, ವಾರದೊಳಗಿನ ಬಿಡುವು ಎರಡನ್ನೂ ಕೇಳಿ ಪಡೆದ ಊರು ಮುಂಬಯಿ ಅನ್ನುವುದು ನಮಗೆ ಮರೆತೇ ಹೋಗಿದೆ.

ನಾರಾಯಣ ಮೇಘಾಜಿ ಲೋಖಂಡೆ ಅಂತ ಒಬ್ಬರಿದ್ದರು. ಜ್ಯೋತಿರಾವ್ ಫುಲೆ ಅವರ ಒಡನಾಡಿ, ‘ದೀನಬಂಧು’ ಪತ್ರಿಕೆ ನಡೆಸಿದವರು. ಆಗ ಬಟ್ಟೆ ಗಿರಣಿಗಳಲ್ಲಿ ಸೂರ್ಯ ಹುಟ್ಟುವಾಗ ಕೆಲಸ ಶುರು, ಮುಳುಗುವಾಗ ಮುಕ್ತಾಯ. ವಾರದ ರಜೆ ಅನ್ನುವುದು ಇರಲಿಲ್ಲ. 1884ರಲ್ಲಿ ಲೋಖಂಡೆ ಕಾರ್ಮಿಕರನ್ನು ಸೇರಿಸಿ ಒಂದು ಮನವಿ ತಯಾರು ಮಾಡಿದರು. ಅದರಲ್ಲಿ ಕೇಳಿದ್ದು ಬಹಳ ಸಣ್ಣದು. ಭಾನುವಾರ ರಜೆ ಕೊಡಿ. ಮಧ್ಯಾಹ್ನ ಅರ್ಧ ಗಂಟೆ ಬಿಡುವು ಕೊಡಿ. ಸಂಬಳ ತಡಮಾಡಬೇಡಿ. ಗಾಯವಾದರೆ ನೋಡಿಕೊಳ್ಳಿ. ಭಾನುವಾರವನ್ನೇ ಯಾಕೆ ಕೇಳಿದರು ಅನ್ನುವುದಕ್ಕೆ ಒಂದು ಕಾರಣ ಹೇಳುತ್ತಾರೆ: ಅದು ಜೇಜುರಿಯ ಖಂಡೋಬನ ವಾರ. ನಮ್ಮ ಕಡೆಯವರು ಮೈಲಾರಲಿಂಗ ಅಂತ ನಡೆದುಕೊಳ್ಳುವ ದೇವರೇ ಅವನು. 1890ರ ಏಪ್ರಿಲ್‌ನಲ್ಲಿ ಸುಮಾರು 10,000 ಕಾರ್ಮಿಕರ ಸಭೆ ಸೇರಿತು. ಇಬ್ಬರು ಹೆಂಗಸರು ಎದ್ದುನಿಂತು ಮಾತಾಡಿದರು. ಅದೇ ವರ್ಷ ಜೂನ್ 10ಕ್ಕೆ ಗಿರಣಿ ಮಾಲೀಕರು ಭಾನುವಾರದ ರಜೆಗೆ ಒಪ್ಪಿಕೊಂಡರು.

ಗಮನಿಸಿ, ಲೋಖಂಡೆ ‘ಪ್ರತಿಯೊಬ್ಬನಿಗೂ ವಾರಕ್ಕೊಂದು ದಿನ’ ಅಂತ ಕೇಳಲಿಲ್ಲ. ಎಲ್ಲರಿಗೂ ಒಂದೇ ದಿನ ಕೇಳಿದರು. ಗಿರಣಿಯೇ ನಿಲ್ಲಬೇಕು. ಮಗ್ಗ ನಿಂತರೆ ಯಾರೂ ಯಾರನ್ನೂ ಕರೆಯುವುದಿಲ್ಲ. ಗಂಡ, ಹೆಂಡತಿ, ಚಾಳಿನ ಪಕ್ಕದ ಮನೆಯವರು, ಎಲ್ಲರಿಗೂ ಅವತ್ತೇ ಬಿಡುವು. ಮೆಗಾಬ್ಲಾಕಿನ ಎಲ್ಲ ಗುಣವೂ ಆ ಭಾನುವಾರಕ್ಕಿತ್ತು.

ಅದೇ 1890ರಲ್ಲಿ ಶುರುವಾಯಿತು ಅನ್ನುವ ಇನ್ನೊಂದು ಮುಂಬಯಿ ವ್ಯವಸ್ಥೆ, ಮನೆಯೂಟದ ಡಬ್ಬಿಯನ್ನು ಆಫೀಸಿಗೆ ಮುಟ್ಟಿಸುವ ಡಬ್ಬಾವಾಲಾಗಳದ್ದು. ಅವರ ಅಚ್ಚುಕಟ್ಟುತನದ ಬಗ್ಗೆ ಮ್ಯಾನೇಜ್‌ಮೆಂಟ್ ಕಾಲೇಜುಗಳು ಪಾಠ ಮಾಡುತ್ತವೆ. ಅವರ ರಜೆಯ ಬಗ್ಗೆ ಯಾರೂ ಪಾಠ ಮಾಡಿದ್ದು ನಾನು ಕೇಳಿಲ್ಲ. ವರ್ಷಕ್ಕೊಮ್ಮೆ, ಚೈತ್ರದ ಹೊತ್ತಿಗೆ, ಅವರು ಸುಮಾರು ಒಂದು ವಾರ ಒಟ್ಟಿಗೇ ರಜೆ ಹಾಕಿ ಪುಣೆ ಜಿಲ್ಲೆಯ ತಮ್ಮ ಹಳ್ಳಿಗಳ ಜಾತ್ರೆಗೆ ಹೋಗುತ್ತಾರೆ. ಗಿರಾಕಿಗಳಿಗೆ ಮೊದಲೇ ಹೇಳಿರುತ್ತಾರೆ. ಆ ವಾರ ಆಫೀಸಿನವರು ಡಬ್ಬಿ ತಾವೇ ಹೊರುತ್ತಾರೆ ಅಥವಾ ವಡಾಪಾವ್ ತಿನ್ನುತ್ತಾರೆ. ಒಬ್ಬ ಡಬ್ಬಾವಾಲಾ ಮಾತ್ರ ರಜೆ ಹಾಕಿದರೆ ಅವನ ಸಾಲಿನ ಮೂವತ್ತು ನಲವತ್ತು ಡಬ್ಬಿ ಇನ್ನೊಬ್ಬನ ತಲೆಗೆ ಬರುತ್ತದೆ. ಎಲ್ಲರೂ ಹಾಕಿದರೆ ಯಾರ ತಲೆಗೂ ಬರುವುದಿಲ್ಲ. ವಾಪಸ್ ಬಂದಾಗ ರಾಶಿ ಬಿದ್ದ ಡಬ್ಬಿಯೂ ಇರುವುದಿಲ್ಲ! ನಮ್ಮ ಇಮೇಲ್ ಪೆಟ್ಟಿಗೆ ಹಾಗಲ್ಲ.

ನಮ್ಮವರ ಹೋಟೆಲುಗಳ ಕಥೆಯೂ ಇಲ್ಲಿ ಬರುತ್ತದೆ. ನನ್ನ ದೊಡ್ಡಪ್ಪ ಹದಿಮೂರನೇ ವಯಸ್ಸಿಗೆ ಊರು ಬಿಟ್ಟು ಬಂದು ಮಾಟುಂಗಾ ಕಡೆಯ ಹೋಟೆಲೊಂದರಲ್ಲಿ ಕ್ಲೀನಿಂಗಿಗೆ ಸೇರಿದವರು. ಬೆಳಗ್ಗೆ ನಾಲ್ಕಕ್ಕೆ ರುಬ್ಬುವ ಕಲ್ಲಿನ ಸದ್ದಿಗೆ ಏಳುವುದು. ಮಧ್ಯಾಹ್ನದ ಊಟದ ಗಲಾಟೆ ಮುಗಿದ ಮೇಲೆ ಒಂದೂವರೆ ಗಂಟೆ ಶಟರ್ ಅರ್ಧ ಇಳಿಸುತ್ತಿದ್ದರಂತೆ. ಹುಡುಗರು ಬೆಂಚುಗಳನ್ನು ಜೋಡಿಸಿ ಅದರ ಮೇಲೇ ಮಲಗುತ್ತಿದ್ದರು. ರಾತ್ರಿ ಕನ್ನಡ ಶಾಲೆ. ‘ಶಟರ್ ಅರ್ಧ ಇಳಿದರೆ ನಿದ್ದೆ, ಪೂರ್ತಿ ಇಳಿದರೆ ಶಾಲೆ’ ಅಂತ ಈಗಲೂ ನಗುತ್ತಾರೆ. ಆ ಕಾಲವನ್ನು ನಾನು ಹೊಗಳುತ್ತಿಲ್ಲ. ದಿನಕ್ಕೆ ಹದಿನಾರು ಗಂಟೆ ದುಡಿಸಿಕೊಂಡ ಕಾಲ ಅದು. ಆದರೆ ಆ ಒಂದೂವರೆ ಗಂಟೆ ಮಾತ್ರ ಗಟ್ಟಿಯಾಗಿತ್ತು, ಯಾಕೆಂದರೆ ಆಗ ಗಿರಾಕಿಗೂ ಒಳಗೆ ಬರಲು ಆಗುತ್ತಿರಲಿಲ್ಲ. ಮಾಟುಂಗಾದ ಕೆಲವು ಹಳೇ ಹೋಟೆಲುಗಳು ಈಗಲೂ ಸೋಮವಾರ ಬಾಗಿಲು ಹಾಕುತ್ತವೆ. ಇಡ್ಲಿಗೆ ಅಂತ ಹೋಗಿ ಮುಖ ಸಣ್ಣ ಮಾಡಿಕೊಂಡು ಬಂದಿದ್ದೇನೆ.

ಈ ಬಾಗಿಲು ಹಾಕುವ ಪದ್ಧತಿಯಲ್ಲಿ 2017ರಲ್ಲಿ ಒಂದು ದೊಡ್ಡ ಬದಲಾವಣೆ ಆಯಿತು. ಅದರ ಬಗ್ಗೆ ಆಗ ಹೆಚ್ಚು ಮಾತೇ ಆಗಲಿಲ್ಲ. 1948ರ ಬಾಂಬೆ ಅಂಗಡಿ ಕಾಯ್ದೆಯ ಪ್ರಕಾರ ಅಂಗಡಿಗಳು ವಾರಕ್ಕೊಂದು ದಿನ ಮುಚ್ಚಲೇಬೇಕಿತ್ತು. ದಾದರ್ ಪೇಟೆ ಸೋಮವಾರ ಬಂದ್ ಅನ್ನುವುದು ಎಲ್ಲರಿಗೂ ಗೊತ್ತಿದ್ದ ಮಾತು. 2017ರ ಹೊಸ ಮಹಾರಾಷ್ಟ್ರ ಕಾಯ್ದೆ ವರ್ಷದ 365 ದಿನವೂ ತೆರೆದಿಡಲು ಅವಕಾಶ ಕೊಟ್ಟಿತು. ಕೆಲಸಗಾರನಿಗೆ ವಾರಕ್ಕೆ 24 ಗಂಟೆಯ ರಜೆ ಕಾಗದದ ಮೇಲೆ ಹಾಗೇ ಉಳಿಯಿತು. ಆದರೆ ಅಂಗಡಿಯ ರಜೆ ಹೋಗಿ ಆಳಿನ ರಜೆ ಬಂತು. ಗಂಡನಿಗೆ ಮಂಗಳವಾರ ಆಫ್, ಹೆಂಡತಿಗೆ ಗುರುವಾರ, ಮಕ್ಕಳಿಗೆ ಭಾನುವಾರ. ಮೂವರಿಗೂ ರಜೆ ಇದೆ, ಮನೆಗೆ ರಜೆ ಇಲ್ಲ. ಆಫ್ ಇದ್ದ ದಿನವೂ ಅಂಗಡಿ ತೆರೆದೇ ಇರುವುದರಿಂದ ‘ಆ ಸ್ಟಾಕ್ ಎಲ್ಲಿಟ್ಟೆ?’ ಅಂತ ಫೋನು ಬರುತ್ತದೆ. ಗಿರಾಕಿಗಳಾದ ನಮಗೆ ಅನುಕೂಲವಾಯಿತು, ಸುಳ್ಳಲ್ಲ. ಅದೇ ವರ್ಷ ಪುಣೆಯಲ್ಲಿ ಚಿತಳೆ ಬಂಧು ಮಿಠಾಯಿ ಅಂಗಡಿ ಮಧ್ಯಾಹ್ನ 1ರಿಂದ 4ರವರೆಗೆ ಮುಚ್ಚುವ ತನ್ನ ಪ್ರಸಿದ್ಧ ಪದ್ಧತಿಯನ್ನು ಬಿಟ್ಟಿತು. ಬಾಕರವಡಿಗಿಂತ ಜಾಸ್ತಿ ಜೋಕುಗಳು ಆ ಮಧ್ಯಾಹ್ನದ ನಿದ್ದೆಯ ಮೇಲೆ ಇದ್ದವು. ನಗುತ್ತಿದ್ದವರಲ್ಲಿ ನಾನೂ ಇದ್ದೆ.

ಗೋವಾದಲ್ಲಿ ಮಧ್ಯಾಹ್ನ ಬಾಗಿಲು ಹಾಕುವ ಅಂಗಡಿಗಳು ಇನ್ನೂ ಬೇಕಾದಷ್ಟಿವೆ. ಪೋರ್ಚುಗೀಸರ ನೆಮ್ಮದಿಯ ಪದದಿಂದ ಬಂದ ‘ಸುಶೇಗಾದ್’ ಅನ್ನುವ ಮಾತನ್ನು ಹೊರಗಿನವರು ಆಲಸ್ಯ ಅಂತ ತಿಳಿದುಕೊಂಡಿದ್ದಾರೆ. ಮುಂಬಯಿಯವರು ಶುಕ್ರವಾರ ರಾತ್ರಿ ಹೊರಟು ಅಲ್ಲಿಗೆ ವಿಶ್ರಾಂತಿಗೆ ಹೋಗುತ್ತಾರೆ. ಅವರು ಎದ್ದುಹೋದ ರೂಮಿನ ಹಾಸಿಗೆ ಸರಿಮಾಡುವವರ ಬಾಯಲ್ಲಿ ಎಷ್ಟೋ ಸಲ ವಿಜಯಪುರದ, ಬಾಗಲಕೋಟೆಯ ಕನ್ನಡ ಕೇಳಿಸುತ್ತದೆ. ವೀಕೆಂಡ್ ಅನ್ನುವುದು ಅವರಿಗೆ ವಾರದ ಅತಿ ಹೆಚ್ಚು ಕೆಲಸದ ದಿನ. ಒಬ್ಬರ ಬಿಡುವು ಇನ್ನೊಬ್ಬರ ಓವರ್‌ಟೈಮ್ ಆಗುವುದು ಹೀಗೆ.

ಇಷ್ಟರ ನಡುವೆ ಗಂಟೆಗಳ ಚರ್ಚೆ ಜೋರಾಗಿ ನಡೆದಿದೆ. 2023ರ ಅಕ್ಟೋಬರ್‌ನಲ್ಲಿ ನಮ್ಮವರೇ ಆದ ನಾರಾಯಣ ಮೂರ್ತಿ ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಅಂದರು. 2025ರ ಜನವರಿಯಲ್ಲಿ ಎಲ್ ಆಂಡ್ ಟಿ ಅಧ್ಯಕ್ಷ ಸುಬ್ರಹ್ಮಣ್ಯನ್ ಅವರ 90 ಗಂಟೆಯ ಮಾತು ಹೊರಬಿತ್ತು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲೇ ಒಂದು ಲೆಕ್ಕ ಕೊಟ್ಟಿದ್ದವು. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ, 35–40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ 35% ಹೆಚ್ಚು, ಹೃದ್ರೋಗದಿಂದ ಸಾಯುವ ಅಪಾಯ 17% ಹೆಚ್ಚು. ಈ ಗಂಟೆಗಳಲ್ಲಿ ಲೋಕಲ್ ಪ್ರಯಾಣ ಸೇರಿಲ್ಲ. ಡೊಂಬಿವಲಿಯಿಂದ ಫೋರ್ಟ್‌ಗೆ ಹೋಗಿ ಬರಲು ನನಗೆ ದಿನಕ್ಕೆ ಮೂರು ಗಂಟೆ ಹಿಡಿಯುತ್ತದೆ.

2025ರ ಸೆಪ್ಟೆಂಬರ್‌ನಲ್ಲಿ ಮಹಾರಾಷ್ಟ್ರ ಸಂಪುಟ ಕಾರ್ಖಾನೆಗಳಲ್ಲಿ ದಿನದ ಕೆಲಸದ ಮಿತಿಯನ್ನು 9ರಿಂದ 12 ಗಂಟೆಗೆ, ಅಂಗಡಿ ಮತ್ತು ಸಂಸ್ಥೆಗಳಲ್ಲಿ 9ರಿಂದ 10 ಗಂಟೆಗೆ ಏರಿಸಲು ಒಪ್ಪಿತು. ಸುದ್ದಿಯಲ್ಲಿ ಎಲ್ಲರೂ 12 ಅನ್ನುವ ಸಂಖ್ಯೆಯನ್ನೇ ಹಿಡಿದುಕೊಂಡರು. ನನ್ನ ಕಣ್ಣಿಗೆ ಬಿದ್ದದ್ದು ಇನ್ನೊಂದು ಸಾಲು. 1948ರ ಕಾರ್ಖಾನೆ ಕಾಯ್ದೆ ಐದು ಗಂಟೆಯ ಕೆಲಸದೊಳಗೆ ಅರ್ಧ ಗಂಟೆ ಬಿಡುವು ಕೊಡಲೇಬೇಕು ಅಂದಿತ್ತು. ಸಂಪುಟದ ಆ ತೀರ್ಮಾನದಲ್ಲಿ ಐದು ಇದ್ದದ್ದು ಆರಾಯಿತು. ಲೋಖಂಡೆ 1884ರಲ್ಲಿ ಕೇಳಿದ್ದು ಇದೇ ಅರ್ಧ ಗಂಟೆಯನ್ನು. ಅದನ್ನು ಕಿತ್ತುಕೊಂಡಿಲ್ಲ, ನಿಜ. ಒಂದು ಗಂಟೆ ಮುಂದಕ್ಕೆ ತಳ್ಳಿದ್ದಾರೆ. ಮೆಷಿನ್ ಮುಂದೆ ನಿಂತವರಿಗೆ ಆರನೇ ಗಂಟೆ ಅಂದರೆ ಏನು ಅನ್ನುವುದು ಎಸಿ ಕೋಣೆಯಲ್ಲಿ ಕೂತು ಬರೆಯುವ ನನಗೂ ಪೂರ್ತಿ ಗೊತ್ತಾಗಲಿಕ್ಕಿಲ್ಲ.

ಇನ್ನೊಂದು ದಿಕ್ಕಿನಿಂದಲೂ ಪ್ರಯತ್ನ ನಡೆದಿದೆ. ಬಾರಾಮತಿಯ ಸಂಸದೆ ಸುಪ್ರಿಯಾ ಸುಳೆ, ಕೆಲಸದ ಹೊತ್ತು ಮುಗಿದ ಮೇಲೆ ಆಫೀಸಿನ ಕರೆಗೆ, ಇಮೇಲ್‌ಗೆ ಉತ್ತರ ಕೊಡದಿರುವ ಹಕ್ಕಿನ ಮಸೂದೆಯನ್ನು ಮೊದಲೊಮ್ಮೆ ತಂದಿದ್ದರು. 2025ರ ಡಿಸೆಂಬರ್‌ನಲ್ಲಿ ಲೋಕಸಭೆಯಲ್ಲಿ ಮತ್ತೆ ಮಂಡಿಸಿದರು. ಫ್ರಾನ್ಸ್‌ನಲ್ಲಿ ಇಂಥ ಕಾನೂನು 2017ರಿಂದ ಇದೆ, ಆಸ್ಟ್ರೇಲಿಯಾದಲ್ಲಿ 2024ರಿಂದ. ನಮ್ಮಲ್ಲಿ ಇದು ಖಾಸಗಿ ಸದಸ್ಯರ ಮಸೂದೆ, ಅಂದರೆ ಸಚಿವರಲ್ಲದ ಸಂಸದರು ತಾವಾಗಿ ತರುವಂಥದ್ದು. 1970ರ ನಂತರ ಅಂಥ ಒಂದು ಮಸೂದೆಯೂ ಸಂಸತ್ತಿನ ಎರಡೂ ಸದನ ದಾಟಿ ಕಾನೂನಾಗಿಲ್ಲ. ಹಾಗಾಗಿ ಕಾನೂನು ಬರುವವರೆಗೆ ಫೋನ್ ನಮ್ಮ ದಿಂಬಿನ ಪಕ್ಕದಲ್ಲೇ ಇರುತ್ತದೆ ಅಂತ ಇಟ್ಟುಕೊಳ್ಳೋಣ.

ಕಾನೂನು ಬಂದರೂ ಅದು ತಲುಪದ ಜಾಗ ಒಂದಿದೆ: ಅಡುಗೆಮನೆ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾರೆ. ಮನೆಗೆಲಸ ಮಾಡುವ ಗಂಡಸರು 88 ನಿಮಿಷ. ಮಾಡದ ಗಂಡಸರು ಈ ಲೆಕ್ಕದಲ್ಲಿ ಇಲ್ಲವೇ ಇಲ್ಲ, ಅದನ್ನೂ ನೆನಪಿಡಿ. 1992ರಲ್ಲಿ ಚರ್ಚ್‌ಗೇಟ್‌ನಿಂದ ಬೊರಿವಲಿಗೆ ಮೊದಲ ಲೇಡೀಸ್ ಸ್ಪೆಷಲ್ ಓಡಿತು. ಹೆಂಗಸರಿಗೆ ಸಿಕ್ಕ ಆ ಉಸಿರಾಡುವ ಜಾಗದಲ್ಲಿ ಏನು ನಡೆಯುತ್ತದೆ? ಸಂಜೆಯ ಲೇಡೀಸ್ ಡಬ್ಬಿಯಲ್ಲಿ ಒಮ್ಮೆ ಹತ್ತಿ ನೋಡಿ. ಬಟಾಣಿ ಸುಲಿಯುತ್ತಾರೆ, ಮೆಂತೆ ಸೊಪ್ಪು ಬಿಡಿಸುತ್ತಾರೆ. ನಾನೂ ಬಿಡಿಸಿದ್ದೇನೆ. ಕೂತಿದ್ದೆ ಅನ್ನುವುದು ನಿಜ, ದಣಿವಾರಿತು ಅನ್ನುವುದು ಸುಳ್ಳು. ಪಕ್ಕದ ಜೆಂಟ್ಸ್ ಡಬ್ಬಿಯಲ್ಲಿ ಅದೇ ಹೊತ್ತಿಗೆ ಭಜನೆ, ಇಸ್ಪೀಟು, ನಿದ್ದೆ.

ಹಾಗಾಗಿ ‘ನಿಮಗಾಗಿ ಸ್ವಲ್ಪ ಸಮಯ ತೆಗೆದಿಡಿ’ ಅನ್ನುವ ಸಲಹೆ ಕೇಳಿದರೆ ನನಗೆ ಈಗ ಮೊದಲು ಹೊಳೆಯುವ ಪ್ರಶ್ನೆ, ಆ ಹೊತ್ತಿನ ಗಾಡಿಗಳು ಯಾವ ಹಳಿಗೆ ಹೋಗುತ್ತವೆ ಅನ್ನುವುದು. ಉತ್ತರ ಇಲ್ಲದಿದ್ದರೆ ಅದು ಬಿಡುವಲ್ಲ, ಮುಂದೂಡಿದ ಕೆಲಸ. ಮರೀನ್ ಡ್ರೈವ್ ಕಟ್ಟೆಯ ಮೇಲೆ ಊರಿಗೆ ಬೆನ್ನು ಹಾಕಿ ಕೂರುವವರನ್ನು ನೋಡಿದಾಗಲೂ ಇದೇ ಅನಿಸುತ್ತದೆ. ದುಡ್ಡಿಲ್ಲದೆ ಕೂರಲು ಈ ಊರಿನಲ್ಲಿ ಅದಕ್ಕಿಂತ ಒಳ್ಳೇ ಜಾಗ ಇಲ್ಲ. ಆದರೆ ಬಹಳ ಜನ ಕಡಲಿನ ಕಡೆ ಮುಖ ಮಾಡಿ ಫೋನ್ ನೋಡುತ್ತಿರುತ್ತಾರೆ.

ಆಫೀಸಿನಲ್ಲಿ ನಾವು ನಾಲ್ಕು ಜನ ಒಂದು ಪ್ರಯೋಗ ಮಾಡಿದೆವು. ಊಟದ ಅರ್ಧ ಗಂಟೆ ಎಲ್ಲರ ಫೋನೂ ಒಂದೇ ಡ್ರಾಯರಿನಲ್ಲಿ. ಒಬ್ಬರೇ ಮಾಡಿದರೆ ಸೊಕ್ಕು ಅನ್ನುತ್ತಾರೆ, ನಾಲ್ವರು ಮಾಡಿದರೆ ‘ಅವರ ಊಟದ ಟೈಮ್’ ಅನ್ನುತ್ತಾರೆ. ತಿಂಗಳ ಕೊನೆಯ ಲೆಕ್ಕಪತ್ರದ ವಾರದಲ್ಲಿ ಅದು ಮುರಿದುಬಿತ್ತು. ಆಮೇಲೆ ಇಪ್ಪತ್ತು ನಿಮಿಷಕ್ಕೆ ಇಳಿಸಿ ಮತ್ತೆ ಶುರುಮಾಡಿದೆವು. ಸದ್ಯ ನಡೆಯುತ್ತಿದೆ.

ಮನೆಯ ವಿಷಯ ಸ್ವಲ್ಪ ನಾಚಿಕೆಯದ್ದು. ನಮ್ಮ ಮನೆಗೆ ಪಾತ್ರೆ, ಕಸಕ್ಕೆ ಬರುವ ಮೌಶಿ ಹೇಳದೆ ಬಾರದಿದ್ದರೆ ಮುಂಬಯಿ ಭಾಷೆಯಲ್ಲಿ ಅದಕ್ಕೆ ಖಾಡಾ ಅನ್ನುತ್ತಾರೆ. ಮೌಶಿಯ ಖಾಡಾದ ಬಗ್ಗೆ ನಾನು ಎಷ್ಟು ಸಲ ಗೊಣಗಿದ್ದೇನೆ ಅನ್ನುವುದಕ್ಕೆ ಲೆಕ್ಕವಿಲ್ಲ. ಒಂದು ದಿನ ಅವರೇ ಕೇಳಿದರು, ‘ತಾಯೀ, ನಿಮಗೆ ಭಾನುವಾರ ಸುಟ್ಟಿ. ನನಗೆ?’ ಏಳು ಮನೆ, ವಾರದ ಏಳೂ ದಿನ. ನನ್ನ ಬಿಡುವು ಇಷ್ಟು ದಿನ ಓಡಿದ್ದು ಅವರ ಹಳಿಯ ಮೇಲೆ. ಈಗ ಅವರಿಗೆ ಭಾನುವಾರ ರಜೆ, ಸಂಬಳ ಕಡಿತವಿಲ್ಲ. ಉಳಿದ ಆರು ಮನೆಗಳಲ್ಲಿ ಮೂವರು ಒಪ್ಪಿದ್ದಾರೆ. ಮೂವರು ಇನ್ನೂ ಯೋಚಿಸುತ್ತಿದ್ದಾರೆ.

ಭಾನುವಾರದ ಪಾತ್ರೆ ನನ್ನ ಗಂಡನ ಪಾಲಿಗೆ. ಮೊದಲ ವಾರ ಬೆಳಗ್ಗೆ ಹನ್ನೊಂದಕ್ಕೆ, ಸರಿಯಾಗಿ ಮೆಗಾಬ್ಲಾಕಿನ ಹೊತ್ತಿಗೆ, ಅವರು ತೋಳು ಮಡಚಿ ನಿಂತರು. ನಾನು ಬಾಲ್ಕನಿಯಲ್ಲಿ ಕಾಲು ಚಾಚಿ ಕೂತೆ. ಮುಕ್ಕಾಲು ಗಂಟೆ ಹಿಡಿಯಿತು. ಬಾಣಲೆಯ ಜಿಡ್ಡು ಹೋಗಲಿಲ್ಲ. ಸೋಮವಾರ ಮೌಶಿ ಬಂದು ಆ ಬಾಣಲೆಯನ್ನು ಬೆಳಕಿಗೆ ಹಿಡಿದು ನೋಡಿದರು. ಏನೂ ಹೇಳಲಿಲ್ಲ. ಇನ್ನೊಮ್ಮೆ ತಿಕ್ಕಿ ಇಟ್ಟರು.